ವಿಸ್ಕಿ ಹಳೆಯದಾದಷ್ಟೂ ಒಳ್ಳೆಯದಾಗುತ್ತದೆಯೇ?

ಅಕ್ಕಿ ಹಳೆಯದಾದರೆ ಅನ್ನ ಉದುರುದುರಾಗುತ್ತದೆ. ಉಪ್ಪಿನಕಾಯಿ ಹಳೆಯದಾದರೆ ರುಚಿ ಹೆಚ್ಚುತ್ತದೆ. ಈ ಲೆಕ್ಕವನ್ನೇ ಮುಂದುವರಿಸಿ, ವಿಸ್ಕಿಯೂ ಹಳೆಯದಾದಷ್ಟೂ ಒಳ್ಳೆಯದು ಎಂದು ನಂಬಿದವರು ಬಹಳ ಮಂದಿ. ನಮ್ಮ ಸಾರಥಿ, ಹರಿಹರ, ದಾವಣಗೆರೆ ಕಡೆಯ ಎಷ್ಟೋ ಮನೆಗಳ ಬೀರುವಿನಲ್ಲಿ ದುಬೈನಿಂದಲೋ ಅಮೆರಿಕದಿಂದಲೋ ಬಂದ ನೆಂಟರು ಕೊಟ್ಟ ಒಂದು ಬಾಟಲಿ ಇರುತ್ತದೆ. ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಎಸೆಯಲು ಮನಸ್ಸಿಲ್ಲ. "ಇರಲಿ ಬಿಡಿ, ಹಳೆಯದಾದಷ್ಟೂ ಬೆಲೆ ಬರುತ್ತೆ" ಎಂಬ ಮಾತಿನ ಮೇಲೆ ಅದು ಹದಿನೈದು ಇಪ್ಪತ್ತು ವರ್ಷ ಅಲ್ಲೇ ಕೂತಿರುತ್ತದೆ.

ಇದರ ಜೊತೆಗೆ ಇನ್ನೂ ಎರಡು ನಂಬಿಕೆಗಳಿವೆ. ಒಂದು, ಬಣ್ಣ ಕಪ್ಪಾಗಿದ್ದಷ್ಟೂ ಹಳೆಯದು. ಇನ್ನೊಂದು, ಹಳೆಯ ದುಬಾರಿ ವಿಸ್ಕಿ ಲಿವರಿಗೆ ಏನೂ ಮಾಡುವುದಿಲ್ಲ, ಕೆಡಿಸುವುದೆಲ್ಲ ಅಗ್ಗದ ಮಾಲು. ಮೊದಲ ನಂಬಿಕೆಯಿಂದ ಹೋಗುವುದು ದುಡ್ಡು. ಎರಡನೆಯದರಿಂದ ಹೋಗುವುದು ದುಡ್ಡು ಮಾತ್ರವಲ್ಲ. ಹಾಗಾಗಿ ಒಂದೊಂದಾಗಿ ನೋಡೋಣ.

ಬಾಟಲಿಯಲ್ಲಿ ವಯಸ್ಸಾಗುವುದಿಲ್ಲ

ಲೇಬಲ್ ಮೇಲೆ 12 ವರ್ಷ ಎಂದಿದ್ದರೆ ಅದು ಓಕ್ ಮರದ ಪೀಪಾಯಿಯಲ್ಲಿ ಕಳೆದ ವರ್ಷಗಳ ಲೆಕ್ಕ. ಹಲವು ಪೀಪಾಯಿಗಳ ವಿಸ್ಕಿಯನ್ನು ಬೆರೆಸಿದ್ದರೆ, ಅದರಲ್ಲಿ ಎಲ್ಲಕ್ಕಿಂತ ಚಿಕ್ಕದರ ವಯಸ್ಸನ್ನೇ ಬರೆಯಬೇಕು. ಬಾಟಲಿಗೆ ತುಂಬಿದ ದಿನ ಈ ಲೆಕ್ಕ ನಿಂತುಹೋಗುತ್ತದೆ. ಗಾಜು ಏನನ್ನೂ ಕೊಡುವುದಿಲ್ಲ, ಏನನ್ನೂ ತೆಗೆದುಕೊಳ್ಳುವುದಿಲ್ಲ. 2005ರಲ್ಲಿ ಕೊಂಡ 12 ವರ್ಷದ ವಿಸ್ಕಿ ಇವತ್ತಿಗೂ 12 ವರ್ಷದ್ದೇ.

ಇದಕ್ಕೆ ಒಂದು ಸೊಗಸಾದ ಪುರಾವೆ ಅಂಟಾರ್ಕ್ಟಿಕಾದ ಹಿಮದಡಿ ಸಿಕ್ಕಿತು, ಅದರ ಒಂದು ಕೊಂಡಿ ನಮ್ಮ ಬೆಂಗಳೂರಿಗೂ ಇದೆ. ಅರ್ನೆಸ್ಟ್ ಶ್ಯಾಕಲ್ಟನ್ 1907ರಲ್ಲಿ ದಕ್ಷಿಣ ಧ್ರುವದತ್ತ ಹೊರಟಾಗ ಮ್ಯಾಕಿನ್ಲೇ ಎಂಬ ಹೆಸರಿನ ಮಾಲ್ಟ್ ವಿಸ್ಕಿಯ ಪೆಟ್ಟಿಗೆಗಳನ್ನು ಜೊತೆಗೆ ಒಯ್ದಿದ್ದ. ಕುಡಿದು ಮುಗಿಯದ ಪೆಟ್ಟಿಗೆಗಳು ಅವನ ಗುಡಿಸಲಿನ ನೆಲದಡಿ ಮಂಜಿನಲ್ಲಿ ಹುದುಗಿ ಉಳಿದವು. ಅವನ್ನು 2010ರಲ್ಲಿ ಹೊರತೆಗೆಯಲಾಯಿತು. ಆ ಹೊತ್ತಿಗೆ ಮ್ಯಾಕಿನ್ಲೇ ಹೆಸರು ವೈಟ್ ಅಂಡ್ ಮೆಕೈ ಕಂಪನಿಯ ಕೈಯಲ್ಲಿತ್ತು. ಆ ಕಂಪನಿಯನ್ನು 2007ರಲ್ಲಿ ಕೊಂಡಿದ್ದು ವಿಜಯ್ ಮಲ್ಯರ ಯುನೈಟೆಡ್ ಸ್ಪಿರಿಟ್ಸ್. 2011ರಲ್ಲಿ ಮೂರು ಬಾಟಲಿಗಳು ಮಲ್ಯರ ಖಾಸಗಿ ವಿಮಾನದಲ್ಲಿ ನ್ಯೂಜಿಲೆಂಡಿನಿಂದ ಸ್ಕಾಟ್ಲೆಂಡಿಗೆ ಪ್ರಯಾಣಿಸಿದವು.

ಅಲ್ಲಿ ಕಂಪನಿಯ ಮಾಸ್ಟರ್ ಬ್ಲೆಂಡರ್ ರಿಚರ್ಡ್ ಪ್ಯಾಟರ್ಸನ್ ಮತ್ತು ರಸಾಯನಶಾಸ್ತ್ರಜ್ಞರು ಬಿರಡೆ ತೆಗೆಯದೆ, ಸೂಜಿಯಿಂದ ಸ್ವಲ್ಪ ಹೊರಗೆಳೆದು ಪರೀಕ್ಷಿಸಿದರು. ನೂರು ವರ್ಷ ಕಳೆದರೂ ಆಲ್ಕೋಹಾಲ್ ಪ್ರಮಾಣ ಸುಮಾರು ಶೇ. 47ರಷ್ಟಿತ್ತು. ರುಚಿಯೂ ಚೆನ್ನಾಗಿಯೇ ಉಳಿದಿತ್ತು. ಆದರೆ ಅದು "ನೂರು ವರ್ಷ ಮಾಗಿದ" ವಿಸ್ಕಿ ಆಗಿರಲಿಲ್ಲ. ಬಾಟಲಿಗೆ ತುಂಬಿದಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೆಯೇ ನಿಂತಿದ್ದ ವಿಸ್ಕಿ ಅದು. ವಿಜ್ಞಾನಿಗಳಿಗೆ ಅದು ಬೇಕಾಗಿದ್ದುದೂ ಅದಕ್ಕಾಗಿಯೇ. ನೂರು ವರ್ಷದ ಹಿಂದೆ ವಿಸ್ಕಿ ಹೇಗೆ ಮಾಡುತ್ತಿದ್ದರು ಎನ್ನುವುದರ ಫೋಟೋ ಅದರೊಳಗಿತ್ತು.

ನಮ್ಮ ಬೀರುವಿನ ಬಾಟಲಿಗೆ ಅಂಟಾರ್ಕ್ಟಿಕಾದ ಭಾಗ್ಯ ಇಲ್ಲ. ಏಪ್ರಿಲ್ ತಿಂಗಳ ದಾವಣಗೆರೆಯ ಸೆಕೆಗೆ ಬಿರಡೆಯ ಸಂದಿನಿಂದ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ. ವೈನ್ ಥರ ಮಲಗಿಸಿಟ್ಟರೆ ಗಡುಸಾದ ಆಲ್ಕೋಹಾಲ್ ಬಿರಡೆಯನ್ನೇ ತಿಂದುಹಾಕುತ್ತದೆ. ಬಿಸಿಲು ಬಿದ್ದರೆ ಬಣ್ಣ, ಪರಿಮಳ ಎರಡೂ ಮಂಕಾಗುತ್ತವೆ. ಒಮ್ಮೆ ತೆರೆದು ಅರ್ಧ ಖಾಲಿ ಮಾಡಿಟ್ಟರಂತೂ ಒಳಗಿನ ಗಾಳಿಯಿಂದ ಕೆಲವೇ ತಿಂಗಳುಗಳಲ್ಲಿ ರುಚಿ ಬದಲಾಗುತ್ತದೆ. ಅಂದರೆ ಬಾಟಲಿಯಲ್ಲಿ ಕೆಡುವ ದಾರಿಗಳಿವೆ, ಮಾಗುವ ದಾರಿ ಇಲ್ಲ.

ಪೀಪಾಯಿಯೊಳಗೆ ಏನಾಗುತ್ತದೆ?

ಸಿಂಗಲ್ ಮಾಲ್ಟ್ ಎಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ಮಾಡಿದ ವಿಸ್ಕಿ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಮಾಲ್ಟ್ ಮಾಡುವುದು ನಮಗೆ ಗೊತ್ತಿರುವ ಕೆಲಸವೇ. ಇಲ್ಲಿ ರಾಗಿಯ ಜಾಗದಲ್ಲಿ ಬಾರ್ಲಿ. ಅದನ್ನು ಹುದುಗಿಸಿ, ತಾಮ್ರದ ಪಾತ್ರೆಯಲ್ಲಿ ಭಟ್ಟಿ ಇಳಿಸಿದಾಗ ಬರುವುದು ನೀರಿನಷ್ಟೇ ತಿಳಿಯಾದ, ಗಂಟಲು ಸುಡುವ ದ್ರವ. ಸ್ಕಾಚ್ ಎಂದು ಕರೆಸಿಕೊಳ್ಳಬೇಕಾದರೆ ಅದು ಸ್ಕಾಟ್ಲೆಂಡಿನಲ್ಲಿ, ಓಕ್ ಪೀಪಾಯಿಯಲ್ಲಿ, ಕನಿಷ್ಠ 3 ವರ್ಷ ಇರಬೇಕು.

ಪೀಪಾಯಿಯಲ್ಲಿ ನಡೆಯುವ ಕೆಲಸ ಮೂರು ಬಗೆಯದು. ಮರದಿಂದ ವಸ್ತುಗಳು ವಿಸ್ಕಿಗೆ ಇಳಿಯುತ್ತವೆ: ಲಿಗ್ನಿನ್ ಒಡೆದು ವೆನಿಲಾ ಪರಿಮಳದ ವೆನಿಲಿನ್ ಆಗುತ್ತದೆ, ಓಕ್ ಲ್ಯಾಕ್ಟೋನುಗಳು ಕೊಬ್ಬರಿಯ ವಾಸನೆ ಕೊಡುತ್ತವೆ, ಟ್ಯಾನಿನ್ ಒಗರು ಕೊಡುತ್ತದೆ. ಒಳಗೋಡೆಯನ್ನು ಸುಟ್ಟಿರುವುದರಿಂದ ಅಲ್ಲಿನ ಇದ್ದಿಲು ಗಂಧಕದ ಕೆಟ್ಟ ವಾಸನೆಗಳನ್ನು ಹೀರಿಕೊಳ್ಳುತ್ತದೆ. ಮೂರನೆಯದು ನಿಧಾನದ ಕೆಲಸ. ಮರದ ರಂಧ್ರಗಳಿಂದ ಬರುವ ಆಮ್ಲಜನಕದ ಜೊತೆ ಆಲ್ಕೋಹಾಲ್, ಆಮ್ಲಗಳು ಸೇರಿ ಹಣ್ಣಿನ ಪರಿಮಳದ ಎಸ್ಟರುಗಳಾಗುತ್ತವೆ.

ಇಷ್ಟೆಲ್ಲ ಒಳ್ಳೆಯದಾಗುತ್ತಿರುವಾಗಲೇ ಪೀಪಾಯಿ ಆವಿಯಾಗಿ ಖಾಲಿಯಾಗುತ್ತಲೂ ಇರುತ್ತದೆ. ಈ ನಷ್ಟಕ್ಕೆ ಸ್ಕಾಟ್ಲೆಂಡಿನವರು ಇಟ್ಟ ಹೆಸರು "ದೇವತೆಗಳ ಪಾಲು". ಅಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2. ಅಷ್ಟೇ ತಾನೇ ಅನಿಸಬಹುದು. ಆದರೆ 200 ಲೀಟರ್ ತುಂಬಿಟ್ಟರೆ 12 ವರ್ಷಕ್ಕೆ ಸುಮಾರು 157 ಲೀಟರ್, 30 ವರ್ಷಕ್ಕೆ 109, 60 ವರ್ಷಕ್ಕೆ ಬರೀ 60 ಲೀಟರ್ ಉಳಿಯುತ್ತದೆ. ಚಳಿ ಮತ್ತು ತೇವ ಇರುವ ಗೋದಾಮುಗಳಲ್ಲಿ ನೀರಿಗಿಂತ ಆಲ್ಕೋಹಾಲ್ ಬೇಗ ಹೊರಗೆ ಹೋಗುವುದರಿಂದ ಕಾವೂ ಇಳಿಯುತ್ತದೆ. ಶೇ. 40ಕ್ಕಿಂತ ಕೆಳಗಿಳಿದರೆ ಅದನ್ನು ಸ್ಕಾಚ್ ಎಂದು ಮಾರುವಂತಿಲ್ಲ. ನಲವತ್ತು ವರ್ಷ ಕಾದ ಪೀಪಾಯಿ ಒಂದೆರಡು ವರ್ಷದ ಉದಾಸೀನಕ್ಕೆ ಹೆಸರನ್ನೇ ಕಳೆದುಕೊಳ್ಳಬಹುದು. ಬಹಳ ಹಳೆಯ ವಿಸ್ಕಿ ದುಬಾರಿಯಾಗಲು ಮೊದಲ ಕಾರಣ ಇದು. ರುಚಿ ಅಷ್ಟು ಪಟ್ಟು ಹೆಚ್ಚಿದೆ ಅಂತಲ್ಲ, ಉಳಿದಿರುವುದೇ ಅಷ್ಟು.

ಬೆಂಗಳೂರಿನ ದೇವತೆಗಳಿಗೆ ಆಸೆ ಜಾಸ್ತಿ

ಹಾಗಾದರೆ ಅದೇ ಪೀಪಾಯಿಯನ್ನು ಕರ್ನಾಟಕಕ್ಕೆ ತಂದರೆ? ಈ ಪ್ರಶ್ನೆಗೆ ಉತ್ತರ ಪಡೆಯಲು ಊಹೆ ಮಾಡಬೇಕಿಲ್ಲ. ರಾಧಾಕೃಷ್ಣ ಜಗದಾಳೆ 1948ರಲ್ಲಿ ಶುರುಮಾಡಿದ ಅಮೃತ್ ಡಿಸ್ಟಿಲರೀಸ್, ಮೈಸೂರು ರಸ್ತೆಯ ಕಂಬೀಪುರದಲ್ಲಿ ಈ ಪ್ರಯೋಗವನ್ನು ವರ್ಷಗಳಿಂದ ಮಾಡುತ್ತಿದೆ. ಅವರ ಸಿಂಗಲ್ ಮಾಲ್ಟ್ ಮೊದಲು ಮಾರುಕಟ್ಟೆಗೆ ಬಂದದ್ದು ಬೆಂಗಳೂರಿನಲ್ಲಲ್ಲ, 2004ರ ಆಗಸ್ಟ್ 24ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಮೀನುಗಾರರ ಊರಿಗೆ ಹೋಗಿ ಮೀನು ಮಾರಿದ ಹಾಗೆ. ಆಮೇಲೆ 2010ರ ಆವೃತ್ತಿಯ ತಮ್ಮ ವಿಸ್ಕಿ ಬೈಬಲಿನಲ್ಲಿ ಜಿಮ್ ಮರ್ರೆ, ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿಯ ಸ್ಥಾನ ಕೊಟ್ಟರು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಮಗೆ ತಂಪು ಊರು. ಸ್ಕಾಟ್ಲೆಂಡಿನವರಿಗೆ ಅದು ಕುಲುಮೆ. ಇಲ್ಲಿ ದೇವತೆಗಳ ಪಾಲು ವರ್ಷಕ್ಕೆ ಶೇ. 10ರಿಂದ 12. ಶೇ. 10 ಎಂದೇ ಹಿಡಿದರೂ 200 ಲೀಟರಿನಲ್ಲಿ 8 ವರ್ಷಕ್ಕೆ ಉಳಿಯುವುದು 86 ಲೀಟರ್, 12 ವರ್ಷಕ್ಕೆ 56. ಮೂವತ್ತು ವರ್ಷ ಬಿಟ್ಟರೆ ಎಂಟು ಲೀಟರ್ ಚಿಲ್ಲರೆ, ಅದೂ ಕುಡಿಯುವಂತಿದ್ದರೆ. ನಮ್ಮ ಸಾರಥಿಯ ಹೊಳೆದಂಡೆಯಲ್ಲಿ ತಗಡಿನ ಶೆಡ್ ಹಾಕಿ ಪೀಪಾಯಿ ಇಟ್ಟರೆ ಸ್ಥಿತಿ ಇನ್ನೂ ಕಷ್ಟ. ಬೆಂಗಳೂರಿನ ಬೇಸಿಗೆಗೂ ನಮ್ಮ ಬೇಸಿಗೆಗೂ ಇರುವ ವ್ಯತ್ಯಾಸ ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಅಮೃತ್‌ನ ಬಹುಪಾಲು ಬಾಟಲಿಗಳ ಮೇಲೆ ವಯಸ್ಸೇ ಇರುವುದಿಲ್ಲ. ಅದರ ವಿಸ್ಕಿ ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ ಬಾಟಲಿ ಸೇರುತ್ತದೆ. 2013ರಲ್ಲಿ 8 ವರ್ಷದ ಒಂದು ವಿಸ್ಕಿಯನ್ನು ಹೊರತಂದಾಗ ಅದಕ್ಕೆ ಇಟ್ಟ ಹೆಸರು "ಗ್ರೀಡಿ ಏಂಜೆಲ್ಸ್", ಅಂದರೆ ದುರಾಸೆಯ ದೇವತೆಗಳು. ಸಿಕ್ಕಿದ್ದು ಒಟ್ಟು 144 ಬಾಟಲಿ. ಸ್ಕಾಟ್ಲೆಂಡಿನಲ್ಲಿ 8 ವರ್ಷ ಎಂದರೆ ಇನ್ನೂ ಹುಡುಗಾಟದ ವಯಸ್ಸು, ಇಲ್ಲಿ ಅದು ಅಜ್ಜ.

ಇಲ್ಲಿಯೇ ಹುಟ್ಟಿಕೊಂಡ ಇನ್ನೊಂದು ಜನಪ್ರಿಯ ಲೆಕ್ಕ ಎಂದರೆ "ಬೆಂಗಳೂರಿನ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷಕ್ಕೆ ಸಮ". ನಮಗೆ ಈ ಗುಣಾಕಾರ ಅರ್ಧ ಮಾತ್ರ ಸರಿ ಅನಿಸುತ್ತದೆ. ಬಿಸಿಗೆ ಮರದಿಂದ ಬಣ್ಣ, ವೆನಿಲಾ, ಒಗರು ಬೇಗ ಇಳಿಯುತ್ತವೆ ನಿಜ. ಆದರೆ ಎಲ್ಲ ರಾಸಾಯನಿಕ ಕ್ರಿಯೆಗಳೂ ಬಿಸಿಗೆ ಒಂದೇ ವೇಗದಲ್ಲಿ ಓಡುವುದಿಲ್ಲ. ಮರದ ಸಾರ ಇಳಿಯುವುದು ಒಂದು ವೇಗ, ಆಮ್ಲಜನಕದ ಜೊತೆಗಿನ ನಿಧಾನದ ಕೆಲಸ ಇನ್ನೊಂದು ವೇಗ, ಆವಿಯಾಗುವುದು ಮತ್ತೊಂದು. ಕುಕ್ಕರಿನಲ್ಲಿ ಬೇಗ ಬೆಂದ ಬೇಳೆಯೂ ಮಣ್ಣಿನ ಗಡಿಗೆಯಲ್ಲಿ ನಿಧಾನ ಬೆಂದ ಬೇಳೆಯೂ ಎರಡೂ ಬೆಂದಿರುತ್ತವೆ, ಆದರೆ ಸಾರು ಒಂದೇ ಆಗಿರುವುದಿಲ್ಲ. ಬೆಂಗಳೂರಿನ 8 ವರ್ಷದ ವಿಸ್ಕಿ ಸ್ಕಾಟ್ಲೆಂಡಿನ 24 ವರ್ಷದ ವಿಸ್ಕಿಯ ನಕಲಲ್ಲ, ಅದು ಬೇರೆಯೇ ವಸ್ತು.

ಬಹಳ ಹಳೆಯ ವಿಸ್ಕಿಯ ರುಚಿ ಹೇಗಿರುತ್ತದೆ?

ಸ್ಕಾಟ್ಲೆಂಡಿನ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಸಂಸ್ಥೆ 1940ರಲ್ಲಿ ಪೀಪಾಯಿಗೆ ತುಂಬಿದ ಗ್ಲೆನ್‌ಲಿವೆಟ್ ವಿಸ್ಕಿಯನ್ನು 80 ವರ್ಷ ಕಾಯ್ದು 2020ರಲ್ಲಿ ಬಾಟಲಿಗೆ ಇಳಿಸಿತು. ಸಿಕ್ಕಿದ್ದು 250 ಬಾಟಲಿ, ಕಾವು ಶೇ. 44.9. ಎಂಬತ್ತು ವರ್ಷ ಬದುಕುವ ಪೀಪಾಯಿಗಳು ಅಪರೂಪ. ಅದಕ್ಕೆ ಮರ ಸೌಮ್ಯವಾಗಿರಬೇಕು, ಗೋದಾಮು ತಂಪಾಗಿರಬೇಕು, ಜೊತೆಗೆ ಒಂದಿಷ್ಟು ಅದೃಷ್ಟವೂ ಬೇಕು.

ಇಂಥ ವಿಸ್ಕಿಗಳನ್ನು ಸವಿದವರ ಟಿಪ್ಪಣಿಗಳಲ್ಲಿ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ: ಒಣದ್ರಾಕ್ಷಿ, ಮೇಣ, ಹಳೆ ಚರ್ಮ, ಪಾಲಿಶ್ ಮಾಡಿದ ಮರದ ಪೀಠೋಪಕರಣ, ಬಹಳ ಹಣ್ಣಾದ ಮಾವು ಅನಾನಸ್. ಹೊಗೆಯ ವಾಸನೆಯ ವಿಸ್ಕಿಯಾದರೆ ವರ್ಷಗಳು ಹೋದಂತೆ ಆ ಹೊಗೆ ಕಡಿಮೆಯಾಗುತ್ತದೆ. ಹೊಗೆಗಾಗಿಯೇ ಹುಡುಕುವವರಿಗೆ 10 ವರ್ಷದ್ದೇ 30 ವರ್ಷದ್ದಕ್ಕಿಂತ ಹೆಚ್ಚು ಇಷ್ಟವಾದರೆ ಅದರಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು ತುದಿಯಲ್ಲಿ ಒಗರು ಇದೆ. ಚನ್ನಗಿರಿ ಕಡೆಯ ಅಡಿಕೆ ಜಗಿದವರಿಗೆ ಇದನ್ನು ವಿವರಿಸುವುದು ಸುಲಭ. ಎಳೆ ಅಡಿಕೆ ಕಚ್ಚಿದಾಗ ನಾಲಿಗೆ, ಒಸಡು ಎಳೆದುಕೊಂಡು ಬಾಯಿ ಒಣಗಿದಂತಾಗುತ್ತದಲ್ಲ, ಅದು ಟ್ಯಾನಿನ್ ಮಾಡುವ ಕೆಲಸ. ಪೀಪಾಯಿಯಲ್ಲಿ ಅತಿಯಾಗಿ ಉಳಿದ ವಿಸ್ಕಿಯೂ ಹಾಗೆಯೇ ಒಗರಾಗಿ, ಕಹಿಯಾಗಿ, ಮರದ ಹೊಟ್ಟು ನೆನೆಹಾಕಿದ ನೀರಿನಂತಾಗುತ್ತದೆ. ಅಂದರೆ ಪ್ರತಿ ಪೀಪಾಯಿಗೂ ಒಂದು ಹದ ಇದೆ, ಆ ಹದ ದಾಟಿದರೆ ಇಳಿಜಾರು. ಹೋಳಿಗೆಯ ಹೂರಣಕ್ಕೆ ಬೆಲ್ಲದ ಪಾಕ ನೋಡುವವರು ಮಾಡುವಂತೆ, ಗೋದಾಮಿನವರು ಆಗಾಗ ಸ್ವಲ್ಪ ತೆಗೆದು ಮೂಸಿ ನೋಡುತ್ತಲೇ ಇರುತ್ತಾರೆ.

ಮೂಸಿ ನೋಡುವುದು ಎಂದೆವು. ವಿಸ್ಕಿಯನ್ನು ಹೋಲಿಸುವ ವೃತ್ತಿಯವರು ಹೆಚ್ಚಾಗಿ ಕುಡಿಯುವುದೇ ಇಲ್ಲ. ಬಾಯಿ ಕಿರಿದಾದ ಲೋಟಕ್ಕೆ ಸ್ವಲ್ಪ ಹಾಕಿ, ಕಾವು ಶೇ. 20ರ ಆಸುಪಾಸಿಗೆ ಬರುವಷ್ಟು ನೀರು ಸೇರಿಸಿ, ಮೂಗಿನಿಂದಲೇ ತೀರ್ಪು ಕೊಡುತ್ತಾರೆ. ಬಣ್ಣ ನೋಡಿ ಮನಸ್ಸು ವಾಲಬಾರದೆಂದು ನೀಲಿ ಗಾಜಿನ ಲೋಟ ಬಳಸುವುದೂ ಉಂಟು. ನೀರು ಬೆರೆಸಿದರೆ ಮಾಲ್ಟ್ ಕೆಡುತ್ತದೆ ಎನ್ನುವವರು ಗಮನಿಸಬೇಕಾದ ವಿಷಯ ಒಂದಿದೆ. ಸ್ವೀಡನ್ನಿನ ಇಬ್ಬರು ರಸಾಯನಶಾಸ್ತ್ರಜ್ಞರು 2017ರಲ್ಲಿ ಕಂಪ್ಯೂಟರ್ ಮಾದರಿಯಿಂದ ತೋರಿಸಿದಂತೆ, ಹೊಗೆ ಪರಿಮಳದ ಗ್ವಾಯಕೋಲ್ ಅಣುಗಳು ಕಾವು ಇಳಿದಾಗ ದ್ರವದ ಮೇಲ್ಮೈಗೆ ಬಂದು ಸೇರುತ್ತವೆ, ಕಾವು ಹೆಚ್ಚಿದ್ದಾಗ ಒಳಗೆ ಹುದುಗಿರುತ್ತವೆ. ಮೂಗಿಗೆ ಪರಿಮಳ ಸಿಗುವುದು ಮೇಲ್ಮೈಯಿಂದ.

ಬಣ್ಣದ ವಿಷಯವನ್ನೂ ಮುಗಿಸಿಬಿಡೋಣ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನಲ್ಲೇ ಅವಕಾಶ ಇದೆ. ಶೆರ್ರಿ ವೈನ್ ತುಂಬಿದ್ದ ಪೀಪಾಯಿಯಲ್ಲಿ ಹೊಸ ವಿಸ್ಕಿಯೂ ಬೇಗ ಕೆಂಪಾಗುತ್ತದೆ. ಹಲವು ಸಲ ಬಳಸಿ ಸಾರ ಕಳೆದುಕೊಂಡ ಪೀಪಾಯಿಯಲ್ಲಿ 30 ವರ್ಷ ಇದ್ದದ್ದೂ ತೆಳು ಹುಲ್ಲಿನ ಬಣ್ಣದಲ್ಲೇ ಇರಬಹುದು. ಬಣ್ಣ ನೋಡಿ ವಯಸ್ಸು ಹೇಳುವುದು ಕೂದಲಿಗೆ ಬಣ್ಣ ಹಚ್ಚಿದವರ ವಯಸ್ಸು ಹೇಳಿದ ಹಾಗೆ.

ಬೆಲೆ ನಾಲಿಗೆಯನ್ನೂ ಮೋಸ ಮಾಡುತ್ತದೆ

2023ರ ನವೆಂಬರಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಮಕ್ಯಾಲನ್ 1926ರ ಒಂದು ಬಾಟಲಿ ಸುಮಾರು 21.8 ಲಕ್ಷ ಪೌಂಡಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ 22 ಕೋಟಿ ರೂಪಾಯಿಗೂ ಹೆಚ್ಚು. 60 ವರ್ಷ ಪೀಪಾಯಿಯಲ್ಲಿದ್ದು 1986ರಲ್ಲಿ ಬಾಟಲಿಗೆ ಇಳಿದ ವಿಸ್ಕಿ ಅದು, ಆ ಪೀಪಾಯಿಯಿಂದ ಸಿಕ್ಕಿದ್ದು ಬರೀ 40 ಬಾಟಲಿ. ಇಂಥದ್ದನ್ನು ಕೊಂಡವರು ಸಾಮಾನ್ಯವಾಗಿ ಬಿರಡೆ ತೆಗೆಯುವುದಿಲ್ಲ. ಅದು ಪಾನೀಯವಲ್ಲ, ಆಸ್ತಿಪತ್ರ.

ತೆರೆದು ಕುಡಿದರೂ ಬೆಲೆ ಗೊತ್ತಿದ್ದರೆ ರುಚಿಯ ತೀರ್ಪು ನಂಬುವಂಥದ್ದಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರಿನದು ಎಂದೂ ಇನ್ನೊಮ್ಮೆ 90 ಡಾಲರಿನದು ಎಂದೂ ಹೇಳಿ ಕೊಟ್ಟರು. 90 ಡಾಲರಿನದೇ ಹೆಚ್ಚು ರುಚಿ ಎಂದರು ಕುಡಿದವರು. ಬಾಯಿಮಾತಿಗೆ ಹೇಳಿದ್ದಲ್ಲ, ಮೆದುಳಿನ ಸ್ಕ್ಯಾನಿನಲ್ಲಿ ಸಂತೋಷಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಗಿತ್ತು. ಹಾಗಾಗಿ ಎರಡು ವಿಸ್ಕಿಯನ್ನು ಹೋಲಿಸುವುದಾದರೆ ಯಾವುದು ಯಾವುದೆಂದು ಗೊತ್ತಿಲ್ಲದಂತೆ ಇನ್ನೊಬ್ಬರಿಂದ ಲೋಟಕ್ಕೆ ಹಾಕಿಸಬೇಕು. ಉಳಿದದ್ದೆಲ್ಲ ಲೇಬಲ್ ಓದುವ ಕೆಲಸ.

ಬೆಲೆ ಇದ್ದಲ್ಲಿ ಕಳ್ಳರೂ ಇರುತ್ತಾರೆ. 2017ರಲ್ಲಿ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ ಅತಿಥಿಯೊಬ್ಬರು 1878ರ ಮಕ್ಯಾಲನ್ ಎಂಬ ಬಾಟಲಿಯಿಂದ 2 ಸೆಂಟಿಲೀಟರ್, ಅಂದರೆ ನಾಲ್ಕು ಟೀ ಚಮಚದಷ್ಟು ವಿಸ್ಕಿಗೆ ಹತ್ತಿರ ಹತ್ತಿರ 10,000 ಫ್ರಾಂಕ್ ಕೊಟ್ಟರು. ಫೋಟೋ ನೋಡಿದ ಪರಿಣತರಿಗೆ ಬಾಟಲಿಯ ಮೇಲೆ ಅನುಮಾನ ಬಂತು. ಆಕ್ಸ್‌ಫರ್ಡ್‌ನಲ್ಲಿ ಪರೀಕ್ಷಿಸಿದಾಗ ಅದು ಬಹುತೇಕ 1970ರಿಂದ 1972ರ ನಡುವಿನದ್ದು ಎಂದು ತಿಳಿಯಿತು. ಸಿಂಗಲ್ ಮಾಲ್ಟ್ ಕೂಡ ಅಲ್ಲ, ಬ್ಲೆಂಡೆಡ್. ಹೋಟೆಲಿನವರು ಅತಿಥಿಗೆ ಹಣ ವಾಪಸು ಕೊಟ್ಟರು.

ವರ್ಷ ಗೊತ್ತಾಗುವುದು ಹೇಗೆ? 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಪ್ರಮಾಣ ಹೆಚ್ಚುಕಡಿಮೆ ಎರಡು ಪಟ್ಟಾಯಿತು, ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಬಾರ್ಲಿ ಗಿಡ ಆ ವರ್ಷದ ಗಾಳಿಯನ್ನು ಹೀರಿ ಬೆಳೆಯುತ್ತದೆ, ಅದೇ ಇಂಗಾಲ ಆಲ್ಕೋಹಾಲಿಗೂ ಬರುತ್ತದೆ. 1878ರ ವಿಸ್ಕಿಯಲ್ಲಿ ಬಾಂಬಿನ ಗುರುತು ಇರಲು ಸಾಧ್ಯವೇ ಇಲ್ಲ. ಇದೇ ವಿಧಾನದಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದು 55 ಅಪರೂಪದ ಬಾಟಲಿಗಳನ್ನು ಪರೀಕ್ಷಿಸಿ, 2018ರಲ್ಲಿ ಫಲಿತಾಂಶ ಹೊರಬಂದಾಗ 21 ನಕಲಿ ಎಂದಾಯಿತು. ಕೋಟಿಗಳ ಲೋಕದಲ್ಲೇ ಹೀಗಾದರೆ, ನಮ್ಮಲ್ಲಿ ದುಬಾರಿ ಬ್ರ್ಯಾಂಡಿನ ಖಾಲಿ ಬಾಟಲಿಗೆ ಅಗ್ಗದ್ದನ್ನು ತುಂಬಿ "ಡ್ಯೂಟಿ ಫ್ರೀ ಮಾಲು" ಎಂದು ಕೈಯಿಂದ ಕೈಗೆ ಮಾರುವವರ ಬಗ್ಗೆ ಎಷ್ಟು ಎಚ್ಚರ ಇದ್ದರೂ ಸಾಲದು. ಖಾಲಿ ಬಾಟಲಿಯನ್ನು ಗುಜರಿಗೆ ಹಾಕುವ ಮುಂಚೆ ಲೇಬಲ್ ಹರಿದು ಹಾಕುವುದು ಒಳ್ಳೆಯ ಅಭ್ಯಾಸ.

ಲಿವರಿಗೆ ವಯಸ್ಸು ಗೊತ್ತಾಗುವುದಿಲ್ಲ

30 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ, ಕಾವು ಶೇ. 42.8 ಇದ್ದರೆ, ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದು ಮೂರು ವರ್ಷದ್ದಾಗಲಿ ಎಂಬತ್ತು ವರ್ಷದ್ದಾಗಲಿ ಅಣು ಒಂದೇ. ಲಿವರ್ ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿಯೇ ಒಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯಕ್ಕೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಮತ್ತೆ ಹೇಳಿತು. ಈ ಮಾತುಗಳಲ್ಲಿ ಬ್ರ್ಯಾಂಡಿಗಾಗಲಿ ವಯಸ್ಸಿಗಾಗಲಿ ರಿಯಾಯಿತಿ ಇಲ್ಲ.

"ಒಳ್ಳೇ ಮಾಲಿಗೆ ಮರುದಿನ ತಲೆನೋವಿಲ್ಲ" ಎನ್ನುವುದೂ ಪೂರ್ತಿ ನಿಲ್ಲುವ ಮಾತಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 95 ಜನರಿಗೆ ಒಂದೇ ಪ್ರಮಾಣದ ಆಲ್ಕೋಹಾಲನ್ನು ಬೂರ್ಬನ್ ವಿಸ್ಕಿಯಾಗಿ ಅಥವಾ ವೋಡ್ಕಾ ಆಗಿ ಕೊಡಲಾಯಿತು. ಪೀಪಾಯಿಯಲ್ಲಿ ಮಾಗಿದ ಬೂರ್ಬನ್ ಕುಡಿದವರಿಗೇ ಮರುದಿನದ ಸಂಕಟ ಹೆಚ್ಚು. ಹುದುಗುವಾಗಲೂ ಮರದಿಂದಲೂ ಬರುವ ಆ ಪರಿಮಳದ ವಸ್ತುಗಳೇ ಸಂಕಟದಲ್ಲೂ ಪಾಲುದಾರರು. ಕೆಲಸ ಮಾಡುವ ಚುರುಕು ಮಾತ್ರ ಎರಡೂ ಗುಂಪಿಗೆ ಒಂದೇ ಥರ ಇಳಿದಿತ್ತು.

ಕೊನೆಗೆ ಬೀರುವಿನ ಬಾಟಲಿಗೆ ಬರೋಣ, ಏಕೆಂದರೆ ಹಲವು ಮನೆಗಳಲ್ಲಿ ಅದು ಹೊರಗೆ ಬರುವುದು ಮಗುವಿಗೆ ಶೀತ, ಕೆಮ್ಮು ಬಂದಾಗ. "ಹಳೇದು, ಔಷಧಿ ಇದ್ದಂಗೆ" ಎಂದು ಒಂದು ಚಮಚ ಕುಡಿಸುತ್ತಾರೆ, ಇಲ್ಲವೇ ಎದೆಗೆ ತಿಕ್ಕುತ್ತಾರೆ. ಮೈ ಬೆಚ್ಚಗಾದಂತೆ ಕಾಣುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ನಿಜದಲ್ಲಿ ಮೈಯ ಶಾಖ ಹೊರಗೆ ಹೋಗುತ್ತಿರುತ್ತದೆ. ಚಿಕ್ಕ ಮಕ್ಕಳಲ್ಲಿ ಸ್ವಲ್ಪ ಆಲ್ಕೋಹಾಲ್ ಕೂಡ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಿ ಎಚ್ಚರ ತಪ್ಪಿಸಬಹುದು. ಯಾರಾದರೂ ಹಾಗೆ ಕುಡಿಸಿ ಮಗು ಮಂಕಾಗಿ ಮಲಗಿದ್ದರೆ, ನಿದ್ದೆ ಬಂದಿದೆ ಎಂದು ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಏನು ಕುಡಿಸಿದ್ದು, ಎಷ್ಟು ಎನ್ನುವುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.